ಬಾಯಮ್ಮ ಹೊರಗೆ ಕೂತು ಕಂಡ ವಿಯೆನ್ನಾ

ಕಳೆದ ಶುಕ್ರವಾರ ಬೆಳಿಗ್ಗೆ ದೋಸೆ ಹಿಟ್ಟಿಗೆ ಉಪ್ಪು ಕಲಸುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಕುವೈತಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಪಿಡಿಎಫ್ ಹಾಕಿದ್ದರು. ‘ವಿಯೆನ್ನಾಕ್ಕೆ ಮೊದಲ ಸಲ ಹೋಗುವವರಿಗೆ ಕಿವಿಮಾತು’. ಮೇಲೆ ಅರಮನೆಯ ಚಿತ್ರ, ಕೆಳಗೆ ನಮ್ಮ ಮಾಜಿ ಉಪಾಧ್ಯಕ್ಷರು ಕೋಟು ತೊಟ್ಟು ನಿಂತ ಫೋಟೋ. ಹಿಟ್ಟಿನ ಕೈಯಲ್ಲೇ ಓದಿದೆ. ಏಳನೆಯ ಸಲಹೆ ಹೀಗಿತ್ತು: ‘ದೊಡ್ಡ ಇಗರ್ಜಿಯ ಪಕ್ಕದ ಕಲ್ಲುಬೆಂಚಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಕೂರಬೇಡಿ. ಗಾಳಿ ತಿರುಗಿ, ಸಾರೋಟಿನ ಕುದುರೆಗಳ ಗಂಜಲದ ವಾಸನೆ ಅತ್ತಲೇ ಬರುತ್ತದೆ.’

ಮೈ ಉರಿದುಹೋಯಿತು. ನಾಲ್ಕು ದಿನದ ಪ್ಯಾಕೇಜಿನಲ್ಲಿ ಹೋಗಿ ಬಂದ ಮನುಷ್ಯನಿಗೆ ಮೂರು ಗಂಟೆಯ ಮೇಲೆ ಗಾಳಿ ಯಾವ ಕಡೆಗೆ ತಿರುಗುತ್ತದೆಂದು ಹೇಗೆ ಗೊತ್ತು? ಅದು ಗೊತ್ತಾಗಬೇಕಾದರೆ ಚರ್ಚಿನ ಪಕ್ಕದ ಆ ಬೆಂಚಿನಲ್ಲಿ ಒಂಬತ್ತು ಬೇಸಿಗೆ ಕೂತಿರಬೇಕು. ಹಾಗೆ ಕೂತಿದ್ದವರು ಬಾಯಮ್ಮ… ಅವರ ಹೆಸರು ಆ ಎಂಟು ಪುಟದಲ್ಲಿ ಒಂದು ಕಡೆಯೂ ಇರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನಮ್ಮ ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಬಾಯಮ್ಮ ಎನ್ನುವುದು ರೂಢಿ. ನನ್ನದು ತುಳು, ಅವರದು ಕೊಂಕಣಿ, ಇಬ್ಬರ ನಡುವೆ ಕನ್ನಡ. ಬ್ನೇದ್ ಅಲ್ ಗಾರಿನ ಒಂದು ದೊಡ್ಡ ಫ್ಲಾಟಿನಲ್ಲಿ ಕುವೈತಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಅಜ್ಜಿಯನ್ನು ಅವರು ‘ಮಾಮಾ’, ಅಂದರೆ ಅಮ್ಮ, ಎನ್ನುತ್ತಿದ್ದರು. ಮಾಮಾಗೆ ಸೊಂಟದ ಕೆಳಗೆ ಬಲವಿರಲಿಲ್ಲ, ನೆನಪೂ ಸರಿಯಿರಲಿಲ್ಲ. ಇಲ್ಲಿನ ವಾರದ ರಜೆ ಶುಕ್ರವಾರ, ಅಂದು ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ಬಾಯಮ್ಮ ಮೈದಾನ್ ಹವಲ್ಲಿಯ ನಮ್ಮ ಮನೆಗೆ ಬರುತ್ತಿದ್ದರು. ನಾನು ಶುವೈಖಿನಲ್ಲಿ ಕಾರಿನ ಬಿಡಿಭಾಗ ಮಾರುವ ಆಫೀಸಿನಲ್ಲಿ ವಾರವಿಡೀ ಫೋನಿನಲ್ಲಿ ಕಿರುಚಿ ದಣಿದಿರುತ್ತಿದ್ದೆ. ಅವರು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಸಳೆ ಸೋಸಿ ಕೊಡುತ್ತಿದ್ದರು, ಬೇಡವೆಂದರೂ.

ಇಲ್ಲಿ ಬಿಸಿಲು ಐವತ್ತು ಮುಟ್ಟುವ ಹೊತ್ತಿಗೆ ಅವರ ಮನೆಯವರೆಲ್ಲ ವಿಯೆನ್ನಾಕ್ಕೆ ಹೋಗುತ್ತಿದ್ದರು. ಮಾಮಾಗೆ ಅಲ್ಲಿನ ಡಾಕ್ಟರು, ಉಳಿದವರಿಗೆ ಅಲ್ಲಿನ ತಂಪು. ಗಾಲಿಕುರ್ಚಿ ತಳ್ಳಲು ಬಾಯಮ್ಮ. ಹಾಗೆ ಒಂಬತ್ತು ಬೇಸಿಗೆ. ಆ ನಗರವನ್ನು ಅವರು ಕಲಿತದ್ದು ಗಾಲಿಯಿಂದ. ಯಾವ ಬೀದಿಯ ಕಲ್ಲು ಗಾಲಿಗೆ ಬಡಿದು ಮುದುಕರ ಬೆನ್ನು ನೋಯಿಸುತ್ತದೆ, ಯಾವ ಟ್ರಾಮಿನ ಬಾಗಿಲು ನೆಲಕ್ಕೆ ತಾಗಿಕೊಂಡಂತೆ ಇರುತ್ತದೆ, ಯಾವ ಮೂಲೆಯ ನಲ್ಲಿಯಲ್ಲಿ ಬೆಟ್ಟದ ನೀರು ಪುಕ್ಕಟೆ ಸಿಗುತ್ತದೆ, ಎಲ್ಲವೂ ಬಾಯಿಪಾಠ. ಟಿಕೆಟು ಕೊಂಡರೆ ಸಾಲದು, ಹತ್ತುವ ಮೊದಲು ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಭಾನುವಾರ ಅಂಗಡಿ ತೆರೆಯುವುದಿಲ್ಲ, ಶನಿವಾರವೇ ಬ್ರೆಡ್ಡು ತಂದಿಡಬೇಕು. ವಿಗ್ಗು ಧರಿಸಿ ಕೆಂಪು ಕೋಟು ತೊಟ್ಟು ಸಂಗೀತ ಕಚೇರಿಯ ಟಿಕೆಟ್ ಮಾರುವವರ ಕಣ್ಣಿಗೆ ಕಣ್ಣು ಕೊಡಬಾರದು. “ಅರಮನೆಯ ತೋಟಕ್ಕೆ ಬೆಳಿಗ್ಗೆ ಹೋಗಿ. ಮಧ್ಯಾಹ್ನ ಆ ಗುಡ್ಡೆ ಹತ್ತಿದ್ರೆ ಜೀವ ಬಾಯಿಗೆ ಬರ್ತದೆ ಮಾರಾಯ್ರೆ” ಎನ್ನುತ್ತಿದ್ದರು.

ನಮ್ಮ ಕಟ್ಟಡದಿಂದ, ಅಕ್ಕಪಕ್ಕದ ಕಟ್ಟಡಗಳಿಂದ ಯಾರು ಯುರೋಪಿಗೆ ಹೊರಟರೂ ಮೊದಲು ನನ್ನ ಅಡುಗೆಮನೆಗೆ ಬರುತ್ತಿದ್ದರು. ಬಾಯಮ್ಮ ಹೇಳುವುದನ್ನು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೋಗಿ ಬಂದು ಒಂದು ಚಾಕಲೇಟ್ ಡಬ್ಬಿಯೋ ಕೀಚೈನೋ ತಂದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, “ನಿಮಗೆ ಅಲ್ಲಿ ಏನು ಇಷ್ಟವಾಯಿತು?” ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಅವರು ಅಲ್ಲಿ ಏನನ್ನೂ ಒಳಗೆ ಹೋಗಿ ನೋಡಿದವರೇ ಅಲ್ಲ ಎಂದು.

ಮನೆಯವರು ಅಂಗಡಿಗೆ ಹೋದರೆ ಬಾಯಮ್ಮ ಹೊರಗೆ. ಹೋಟೆಲಿಗೆ ಹೋದರೆ ಮೆಟ್ಟಿಲ ಬುಡದಲ್ಲಿ ಹೊರಗೆ. ದಿನಾ ಮಧ್ಯಾಹ್ನ ಆ ದೊಡ್ಡ ಇಗರ್ಜಿಯ ಪಕ್ಕದ ಬೆಂಚು, ಮಡಿಲಲ್ಲಿ ಖರೀದಿಯ ಚೀಲಗಳು, ಕೈಯಲ್ಲಿ ಮಾಮಾಳ ಕೈ. ಕೈ ಬಿಟ್ಟರೆ ಮಾಮಾ ಬೀದಿಯೆಲ್ಲ ಕೇಳುವಂತೆ ಕಿರುಚುತ್ತಿದ್ದರಂತೆ. ಇಗರ್ಜಿಯ ಬಾಗಿಲು ಅಲ್ಲೇ ಇತ್ತು, ಒಳಗೆ ಹೋಗಲು ಟಿಕೆಟೂ ಬೇಕಿರಲಿಲ್ಲ. ಆ ಮನೆಯವರು ಕೆಟ್ಟವರೇನಲ್ಲ, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಬೈದವರಲ್ಲ. ಆದರೆ ಕೊರಳಲ್ಲಿ ಶಿಲುಬೆ ತೊಟ್ಟ ಹೆಂಗಸು ಒಂಬತ್ತು ವರ್ಷ ಇಗರ್ಜಿಯ ಬಾಗಿಲಲ್ಲಿ ಕೂತಿದ್ದಾಳೆ, ಎರಡು ನಿಮಿಷ ನಾವು ಕುರ್ಚಿ ಹಿಡಿದುಕೊಂಡರೆ ಇವಳು ಹೋಗಿ ಬರುತ್ತಾಳೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ. ಹೊಳೆಯದವರ ಮೇಲೆ ಮಾಡುವ ಸಿಟ್ಟು ಬೇಗ ಆರುವುದಿಲ್ಲ.

ನಾವು ವಿಯೆನ್ನಾಕ್ಕೆ ಹೊರಟ ವರ್ಷ ಮಾಮಾಗೆ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಇನ್ನು ಬಾಯಮ್ಮನ ಬೇಸಿಗೆಯೂ ಇಲ್ಲಿಯೇ. ಹೊರಡುವ ಹಿಂದಿನ ಶುಕ್ರವಾರ ಎಲ್ಲ ಸಲಹೆ ಹೇಳಿ ಮುಗಿಸಿ, ಬಸಳೆಯ ದಂಟು ಮುರಿಯುತ್ತಾ ಅವರು ಒಂದು ಮಾತು ಕೇಳಿದರು.

“ನನಗೆ ಚಾಕಲೇಟ್ ಎಲ್ಲ ಬೇಡ. ಆ ಇಗರ್ಜಿಯ ಮಾಡಿಗೆ ಬಣ್ಣದ ಹಂಚು ಹಾಕಿದ್ದಾರೆ, ಚಾಪೆ ಹೆಣೆದ ಹಾಗೆ ಅಂಕುಡೊಂಕು ಗೆರೆ. ನನ್ನ ಅಪ್ಪ ಹಂಚಿನ ಫ್ಯಾಕ್ಟರಿಯಲ್ಲಿ ಇದ್ದವರಲ್ವಾ, ಹಂಚು ಕಂಡ್ರೆ ನನಗೆ ನೋಡ್ಬೇಕು. ನಮ್ಮ ಮನೆಯಲ್ಲಾದ್ರೆ ಮಲಗಿ ಮೇಲೆ ನೋಡಿದ್ರೆ ಹಂಚಿನ ಹೊಟ್ಟೆ ಕಾಣ್ತದೆ. ಅಲ್ಲಿ ಒಳಗಿಂದ ಎಂಥ ಕಾಣ್ತದೆ? ನೀವು ಒಳಗೆ ಹೋಗಿ, ಒಮ್ಮೆ ತಲೆ ಎತ್ತಿ ನೋಡಿ ಬಂದು ಹೇಳಿ. ಎರಡು ನಿಮಿಷ ಸಾಕು.”

“ಯೂಟ್ಯೂಬಿನಲ್ಲಿ ಇರ್ತದಲ್ಲ ಬಾಯಮ್ಮ, ಈಗಲೇ ನೋಡುವ” ಎಂದೆ ನಾನು, ಜಾಣೆ.

“ಬೇಡ ಬೇಡ. ನಾನೇ ಒಂದು ದಿನ ನೋಡ್ಬೇಕು ಅಂತ ಇಷ್ಟು ವರ್ಷ ಫೋನಲ್ಲಿ ನೋಡದೆ ಇಟ್ಟದ್ದು. ಇನ್ನು ನನಗೆ ಹೋಗ್ಲಿಕ್ಕಾಗುದಿಲ್ಲ. ನಮ್ಮವರು ಒಬ್ರು ನೋಡಿ ಬಾಯಲ್ಲಿ ಹೇಳಿದ್ರೆ ನಾನು ನೋಡಿದ ಹಾಗೇ.”

ನಾವು ಹೋದೆವು. ಅವರು ಹೇಳಿದ್ದು ಒಂದೂ ತಪ್ಪಾಗಲಿಲ್ಲ. ನಲ್ಲಿ ಅಲ್ಲೇ ಇತ್ತು, ನೀರು ಅಷ್ಟೇ ತಂಪಾಗಿತ್ತು. ನಮ್ಮೆದುರೇ ಒಂದು ಕುಟುಂಬ ಮುದ್ರೆಯಿಲ್ಲದ ಟಿಕೆಟಿಗೆ ದಂಡ ತೆತ್ತಿತು, ನಾವು ಹೆಮ್ಮೆಯಿಂದ ನಕ್ಕೆವು. ಕೊನೆಯ ದಿನ ಶನಿವಾರ ಸಂಜೆ ಇಗರ್ಜಿಯ ಎದುರು ನಿಂತೆವು. ಹಂಚು ನಿಜಕ್ಕೂ ಚಾಪೆಯಂತೆಯೇ ಇತ್ತು. ಫೋಟೋ ತೆಗೆದೆವು. ಮಗ, “ಅಮ್ಮಾ, ಐಯಾಮ್ ಸೋ ಟಯರ್ಡ್” ಎಂದು ನೆಲದಲ್ಲೇ ಕೂತ. ಗಂಡ ಗಡಿಯಾರ ನೋಡಿ, “ಯಲ್ಲಾ, ಬೇಗ ಹೋಗುವ, ಅಂಗಡಿ ಮುಚ್ತದೆ, ನಾಳೆ ಎಲ್ಲ ಬಂದ್” ಎಂದರು. ಬಾಗಿಲು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಇಪ್ಪತ್ತೇ ಹೆಜ್ಜೆ… ನಾನು ಅಂಗಡಿಗೆ ಹೋದೆ. ರಿಯಾಯಿತಿಯಲ್ಲಿ ಎರಡು ಜೊತೆ ಚಪ್ಪಲಿ ತೆಗೆದುಕೊಂಡೆ. ಬೆಳಗಾದರೆ ವಿಮಾನ.

ತಿರುಗಿ ಬಂದ ಶುಕ್ರವಾರ ಬಾಯಮ್ಮ ಸ್ಟೂಲಿನ ಮೇಲೆ ಕೂತು, ಬಸಳೆಯನ್ನು ಮುಟ್ಟದೆ, ನನ್ನ ಮುಖವನ್ನೇ ನೋಡಿದರು. “ನೋಡಿದ್ರಾ?”

ಇಲ್ಲ ಎನ್ನಬಹುದಿತ್ತು. ಮಕ್ಕಳು ಹಟ ಮಾಡಿದರು, ಆಗಲಿಲ್ಲ, ಕ್ಷಮಿಸಿ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆಗೆ ಏನು ಬಂದಿತ್ತೋ. “ನೋಡದೆ ಮತ್ತೆ? ಹಂಚು ಕಾಣುವುದಿಲ್ಲ ಬಾಯಮ್ಮ, ಒಳಗಿನ ಮಾಡು ಪೂರ್ತಿ ನೀಲಿ. ಅದರಲ್ಲಿ ಚಿನ್ನದ ನಕ್ಷತ್ರ” ಎಂದೆ. ಯಾವುದೋ ಊರಿನ ಯಾವುದೋ ಇಗರ್ಜಿಯನ್ನು ಯಾವುದೋ ವಿಡಿಯೋದಲ್ಲಿ ನೋಡಿದ್ದು ಬಾಯಿಗೆ ಬಂತು, ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಕ್ಷತ್ರ ಎಷ್ಟು ದೊಡ್ಡದು ಎಂದು ಕೇಳಿದರು. ನಾನು ಅಂಗೈ ತೋರಿಸಿದೆ. “ದೇವ್ ಬರೆಂ ಕರುಂ” ಎಂದರು, ದೇವರು ಒಳ್ಳೆಯದು ಮಾಡಲಿ ಎಂದು. ಬರೆಯುವಾಗ ಈಗಲೂ ಆ ಅಂಗೈ ನೋಡಲು ನಾಚಿಕೆಯಾಗುತ್ತದೆ.

ನಾಲ್ಕೈದು ತಿಂಗಳಾದ ಮೇಲೆ ಸಂಘದ ಕಾರ್ಯಕ್ರಮವಿತ್ತು. ಹವಲ್ಲಿಯ ಒಂದು ಹೋಟೆಲಿನ ಸಭಾಂಗಣದಲ್ಲಿ ಉಪಾಧ್ಯಕ್ಷರ ಭಾಷಣ, ಯುರೋಪಿಗೆ ಮೊದಲ ಸಲ ಹೋಗುವವರಿಗೆ ಮಾರ್ಗದರ್ಶನ, ಪರದೆಯ ಮೇಲೆ ಚಿತ್ರಗಳು. ಅವರು ವಿಯೆನ್ನಾಕ್ಕೆ ಹೊರಡುವ ಮೊದಲು ನನ್ನ ಅಡುಗೆಮನೆಯಲ್ಲಿ ಕೂತು ಬಾಯಮ್ಮನಿಂದ ಬರೆದುಕೊಂಡು ಹೋಗಿದ್ದರು. ಅದನ್ನೇ ಒಂದೊಂದಾಗಿ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದರು. ಬಾಯಮ್ಮ ನನ್ನ ಪಕ್ಕದಲ್ಲಿ ಕೂತಿದ್ದರು. ತಮ್ಮದೇ ಮಾತು ಬಂದಾಗಲೆಲ್ಲ ತಲೆಯಾಡಿಸಿ ಸಂತೋಷಪಡುತ್ತಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಆ ಬಣ್ಣದ ಹಂಚು ಬಂತು. ಬಾಯಮ್ಮ ತಡೆಯಲಾರದೆ ಎದ್ದು ನಿಂತರು. ಅಂಥ ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೊಂದೇ ಸಲ.

“ಹೋದವರು ಒಳಗೂ ಹೋಗಿ ಆಯ್ತಾ. ಒಳಗೆ ನೀಲಿ ಮಾಡು ಉಂಟು, ಚಿನ್ನದ ನಕ್ಷತ್ರ ಉಂಟು. ನೋಡ್ಲೇಬೇಕು.”

ಉಪಾಧ್ಯಕ್ಷರು ಮೈಕಿನಲ್ಲೇ ನಕ್ಕರು. “ನೀಲಿಯಾ? ನಾನು ಒಳಗೆ ನಿಂತು ಬಂದವ ಬಾಯಮ್ಮ. ಬೂದು ಕಲ್ಲು. ನೀವು ಒಳಗೆ ಹೋಗಿದ್ದೀರಾ?”

“ಇಲ್ಲ.”

“ಮತ್ತೆ? ಹೊರಗೆ ಕೂತವರು ಒಳಗಿನ ಸುದ್ದಿ ಹೇಳಿದ್ರೆ ಹೀಗೇ ಆಗುದು.”

ಸಭೆ ಇಡೀ ನಕ್ಕಿತು. ಬಾಯಮ್ಮನ ಸಲಹೆ ಕೇಳಿ ಬರೆದುಕೊಂಡು ಹೋದವರೇ ಅರ್ಧದಷ್ಟು ಜನ, ಅವರೂ ನಕ್ಕರು. ಬಾಯಮ್ಮ ನನ್ನ ಹೆಸರು ಹೇಳಲಿಲ್ಲ. ಒಮ್ಮೆ ನನ್ನ ಕಡೆ ತಿರುಗಿ ನೋಡಿದರು ಅಷ್ಟೇ, ನಾನು ಒಂದು ಮಾತು ಹೇಳುತ್ತೇನೆಂದು ಕಾದರು. ಊರಿಗೆಲ್ಲ ಜಗಳಗಂಟಿ ಎಂದು ಹೆಸರಾದ ನಾನು, ಆಫೀಸಿನಲ್ಲಿ ಮ್ಯಾನೇಜರನಿಗೂ ಎದುರಾಡುವ ನಾನು, ಇಂಗು ತಿಂದ ಮಂಗನ ಹಾಗೆ ಫೋನಿನಲ್ಲಿ ಮುಖ ಇಟ್ಟುಕೊಂಡು ಕೂತೆ. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟಿಗೆಲ್ಲ ಇದೇ ಅಡ್ಡ ಬರುತ್ತದೆ. ಕದ್ದವರು ಅವರೇ, ನಗಿಸಿದವರೂ ಅವರೇ. ಆದರೆ ಆ ಒಂದು ವಿಷಯದಲ್ಲಿ ಸತ್ಯ ಹೇಳಿದ್ದೂ ಅವರೇ.

ಕಾರಿನಲ್ಲಿ ಬ್ನೇದ್ ಅಲ್ ಗಾರಿಗೆ ಬಿಡಲು ಹೋಗುವಾಗ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವರೇ ನನ್ನ ಭುಜ ತಟ್ಟಿದರು. “ಅವರು ಮೇಲೆ ನೋಡಿರ್ಲಿಕ್ಕಿಲ್ಲ ಬಿಡಿ. ಮೊದಲ ಸಲ ಹೋದವರು ಫೋನ್ ನೋಡ್ತಾರೆ, ಮೇಲೆ ಯಾರು ನೋಡ್ತಾರೆ?” ನಾನು “ಹೂಂ” ಎಂದೆ. ಸುಳ್ಳು ಹೇಳಿದ್ದು ಒಂದು ಸಲವಲ್ಲ, ಎರಡು ಸಲ.

ಮುಂದಿನ ಶುಕ್ರವಾರವೂ ಬಂದರು, ಅದರ ಮುಂದಿನದ್ದಕ್ಕೂ. ನೀಲಿಯ ಸುದ್ದಿ ಮತ್ತೆ ಎತ್ತಲಿಲ್ಲ. ಮರೆತಿದ್ದಾರೆ ಎಂದುಕೊಂಡು ನಾನು ನಿಶ್ಚಿಂತಳಾದೆ. ಆ ಚಳಿಗಾಲದಲ್ಲಿ ಮಾಮಾ ತೀರಿಕೊಂಡರು. ಅಜ್ಜಿ ಇಲ್ಲದ ಮೇಲೆ ಅಜ್ಜಿಯನ್ನು ನೋಡಿಕೊಳ್ಳುವವರು ಯಾಕೆ? ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ರದ್ದಾಯಿತು, ಖಲಾಸ್. ಹದಿನೈದು ದಿನದೊಳಗೆ ಎರಡು ಸೂಟ್‌ಕೇಸಿನಲ್ಲಿ ಇಷ್ಟೂ ವರ್ಷಗಳನ್ನು ತುಂಬಿ ಹೊರಟರು. ಏರ್‌ಪೋರ್ಟಿನಲ್ಲಿ ಮಕ್ಕಳ ಹಣೆಗೆ ಶಿಲುಬೆಯ ಗುರುತು ಮಾಡಿ, ನನ್ನ ಕೈ ಹಿಡಿದುಕೊಂಡು, “ಇನ್ನೊಮ್ಮೆ ಹೋದ್ರೆ ಮಕ್ಕಳನ್ನು ಒಳಗೆ ಕರ್ಕೊಂಡು ಹೋಗಿ ಆಯ್ತಾ” ಎಂದರು. ಎಲ್ಲರಿಗೂ ಹೇಳುವ ಸಲಹೆಗಳಲ್ಲಿ ಅದೂ ಒಂದು ಎಂದುಕೊಂಡೆ.

ಊರಿಗೆ ಹೋಗಿ ವರ್ಷ ತುಂಬುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು… ನನಗೆ ಗೊತ್ತಾಗುವಷ್ಟರಲ್ಲಿ ಮಣ್ಣು ಆಗಿತ್ತು. ಹೇಳಬೇಕು, ಮುಂದಿನ ಸಲ ಫೋನ್ ಮಾಡಿದಾಗ ಹೇಳಬೇಕು ಎಂದು ದಿನ ದೂಡುತ್ತಲೇ ಇದ್ದವಳು ನಾನು.

ಈ ಪಿಡಿಎಫ್ ಓದಿದ ದಿನದಿಂದ ನಿದ್ದೆ ಸರಿಯಿಲ್ಲ. ಗುಂಪಿನಲ್ಲಿ ನಾಲ್ಕು ಮಾತು ಬೈದು ಬರೆದೆ, ಇವೆಲ್ಲ ಬಾಯಮ್ಮ ಹೇಳಿಕೊಟ್ಟದ್ದು ಎಂದು. ಮೂವರು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೇ. ನಿನ್ನೆ ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಕೂತು ಬಾಯಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ಊರಿನಲ್ಲಿ ಟೀಚರು. ಚಪ್ಪಲಿ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

“ಅಮ್ಮನಿಗೆ ಗೊತ್ತಿತ್ತು ಆಂಟಿ” ಎಂದಳು. “ಆ ಮೀಟಿಂಗಿನ ದಿನವೇ ನನಗೆ ಫೋನ್ ಮಾಡಿ, ಆ ಇಗರ್ಜಿಯ ಒಳಗಿನ ವಿಡಿಯೋ ಹುಡುಕಿ ಕಳಿಸು ಅಂದ್ರು. ಕಳಿಸಿದೆ. ನೋಡಿದ್ರು.”

“ಎಂಥ ಹೇಳಿದ್ರು?”

“ಎಂಥ ಇಲ್ಲ. ‘ಪಾಪ, ಅವರಿಗೆ ಮಕ್ಕಳನ್ನು ಕಟ್ಕೊಂಡು ಪುರ್ಸೊತ್ತಾಗ್ಲಿಲ್ಲ ಕಾಣ್ತದೆ. ನೀನು ಕೇಳ್ಲಿಕ್ಕೆ ಹೋಗ್ಬೇಡ, ಬೇಜಾರು ಮಾಡ್ಕೊಳ್ತಾರೆ’ ಅಂದ್ರು.”

ಪುರುಸೊತ್ತು ನನಗೆ ಬೇಕಾದಷ್ಟಿತ್ತು. ಒಂಬತ್ತು ಬೇಸಿಗೆ ಆ ಬಾಗಿಲಲ್ಲಿ ಕೂತು, ಫೋನಿನಲ್ಲಿ ನೋಡುವುದಿಲ್ಲ ಎಂದು ಕಾದಿಟ್ಟುಕೊಂಡದ್ದನ್ನು ಅವರು ನನ್ನಿಂದಾಗಿ ಕೊನೆಗೆ ಅಂಗೈಯಗಲದ ಪರದೆಯಲ್ಲಿ, ಒಬ್ಬರೇ ಕೂತು ನೋಡಿದರು. ನೋಡಿದ ಮೇಲೂ ಪ್ರತಿ ಶುಕ್ರವಾರ ಬಂದು ನನ್ನ ಮನೆಯ ಬಸಳೆ ಸೋಸಿದರು. ಒಂದು ದಿನವಾದರೂ ನನ್ನನ್ನು ನಿಲ್ಲಿಸಿ ಬೈಯಬೇಕಿತ್ತು. ಬೈಯಲಿಲ್ಲ. ಈಗ ನಾನೇ ಹೋಗಿ ಬೈಯಿರಿ ಎನ್ನೋಣವೆಂದರೆ ಅವರಿಲ್ಲ.