ಟ್ಯಾಂಕಿಗೆ ಬಳಿದ ಮಣ್ಣು

ನನ್ನ ಮೇಜಿನ ಮೇಲೆ ಪುಟ್ಟ ಸೀಸೆಯೊಂದರಲ್ಲಿ ಮಣ್ಣಿದೆ. ಹೊಲದ್ದಲ್ಲ, ಅಂಗಡಿಯದು. ಹಾಸನ ಸೀಮೆಯಲ್ಲಿ ಹುಟ್ಟಿ, ಚಪ್ಪಲಿ ಬಿಟ್ಟರೆ ಅಂಗಾಲಿಗೆ ಮೆತ್ತಿಕೊಳ್ಳುವ ಕೆಮ್ಮಣ್ಣಿನಲ್ಲೇ ಬೆಳೆದು, ಈ ವಯಸ್ಸಿನಲ್ಲಿ ಮಣ್ಣನ್ನು ಪಾರ್ಸೆಲ್ ತರಿಸಿಕೊಂಡವನು ನಾನೊಬ್ಬನೇ ಇರಬೇಕು. ನನ್ನ ಹೆಂಡತಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಒಳಗೆ ಹೋದಳು. ಅವಳು ಏನೂ ಹೇಳದಿದ್ದರೆ ಬೈದಂತೆಯೇ ಲೆಕ್ಕ.

ಅದು ಅಂಗೈ ಮೇಲೆ ಕೂರುವಷ್ಟು ಚಿಕ್ಕದಾದ ಯುದ್ಧಟ್ಯಾಂಕಿಗೆ ಬಳಿಯುವ ಪುಡಿ. ಆಟಿಕೆ ಎಂದರೆ ಈ ಹವ್ಯಾಸದವರು ಮುನಿಸಿಕೊಳ್ಳುತ್ತಾರೆ, ಮಾದರಿ ಎನ್ನಬೇಕಂತೆ. ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳಿರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಬದುಕಿಡೀ ಕಾಲೇಜಿನಲ್ಲಿ ಕಪ್ಪೆ ಕೊಯ್ದು ತೋರಿಸಿದ ಜೀವಶಾಸ್ತ್ರದ ಮೇಷ್ಟ್ರು ನಾನು. ಚಿಮಟ ಹಿಡಿದ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರದೆಂದು ಮಗಳು ಇದರ ಗೀಳು ಹಿಡಿಸಿದಳು. ಆದರೆ ಟ್ಯಾಂಕನ್ನೇ ಆರಿಸಿದವನು ನಾನು, ಅದೂ ಭಾವನಿಗಾಗಿ.

ಭಾವ ಎಂದರೆ ಹೊಳೆನರಸೀಪುರದಲ್ಲಿರುವ ನನ್ನ ಅಕ್ಕನ ಗಂಡ. ಸೇನೆಯಲ್ಲಿ ಟ್ಯಾಂಕ್ ಓಡಿಸಿದವರು. ಶ್ವಾಸಕೋಶ ಕೈಕೊಟ್ಟು ಮನೆಯಲ್ಲೇ ಕೂತ ಮೇಲೆ ಅವರಿಗೆ ಯಾರೊಂದಿಗೂ ಮಾತು ಬೇಡವಾಗಿತ್ತು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರೆದುರೇ ಕೂತು ಅಂಟಿಸಿ, ಒಂದು ಗೀರೂ ಕಾಣದಂತೆ ಹಸಿರು ಬಣ್ಣ ಹೊಡೆದು, ಶಹಭಾಸ್‌ಗಿರಿಗೆ ಕಾದೆ. ಭಾವ ಕನ್ನಡಕ ಏರಿಸಿ ನೋಡಿದರು.

"ಇದೇನಯ್ಯಾ, ಮದ್ವೆ ಗಂಡು ಇದ್ದಂಗದೆ! ಮಣ್ಣಿಲ್ಲ ಅಂದ್ರೆ ಈ ಟ್ಯಾಂಕು ಶೆಡ್ ಬುಟ್ಟು ಈಚೆಗೇ ಬಂದಿಲ್ಲ ಕಣಯ್ಯಾ."

ಆಗಲೇ ನನಗೆ ತಿಳಿದದ್ದು, ಈ ಹವ್ಯಾಸದಲ್ಲಿ ಅರ್ಧ ಕೆಲಸ ಕಟ್ಟುವುದು, ಉಳಿದರ್ಧ ಕೆಡಿಸುವುದು ಎಂದು. ನನ್ನಂಥವರು ತಲೆಗೆ ಬಣ್ಣ ಹಚ್ಚಿಕೊಂಡು ಹೊಸಬರಾಗಲು ಒದ್ದಾಡುತ್ತಿದ್ದರೆ, ಈ ಹವ್ಯಾಸದವರು ಹೊಸದಕ್ಕೆ ತುಕ್ಕು, ಧೂಳು, ಕೆಸರು ಬಳಿದು ಹಳೆಯದು ಮಾಡಲು ಒದ್ದಾಡುತ್ತಾರೆ. ಯೋಚಿಸಿದರೆ ಇದು ನಮಗೆ ಹೊಸತೇನೂ ಅಲ್ಲ. ಮಗುವನ್ನು ಮೀಯಿಸಿ, ಪೌಡರು ಹಾಕಿ, ಕೊನೆಗೆ ಕೆನ್ನೆಗೊಂದು ಕಪ್ಪು ಬೊಟ್ಟು ಇಡುತ್ತೇವಲ್ಲ. ತೀರ ಚೊಕ್ಕಟವಾಗಿರುವುದು ಈ ಲೋಕದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲವೆಂಬ ಭಯ ನಮಗೆ ಮೊದಲಿನಿಂದಲೂ ಇದೆ.

ಪುಡಿಯ ಸೀಸೆ ತರಿಸಿದೆ. ಮಣ್ಣು ಬಳಿಯುವ ಕೆಲಸವನ್ನು ಭಾವ ನನಗೆ ಬಿಡಲಿಲ್ಲ. ಕೈ ನಡುಗುತ್ತಿತ್ತು, ಆದರೆ ಮಣ್ಣಿಗೆ ನಡುಗುವ ಕೈಯೇ ಸರಿ. ಒಂದು ಸಲ ಬ್ರಶ್ ಆಡಿಸಿ ಉಸಿರಿಗಾಗಿ ನಿಲ್ಲುವರು. ಹಾಗೆ ನಿಂತಾಗಲೆಲ್ಲ ಮಾತಾಡುವರು. ಚೈನಿಗೆ ಸಿಕ್ಕಿಕೊಳ್ಳುವ ಮರಳು, ಮುಟ್ಟಿದರೆ ಸುಡುವ ಕಬ್ಬಿಣ, ಒಳಗೆ ಬೆವರಿ ನೆಂದ ಮೈ, ಊರಿನ ಹೊಳೆಯ ನೆನಪು. ಇಷ್ಟು ವರ್ಷ ಆಡದ ಮಾತು. ಬಣ್ಣದ ವಾಸನೆಗೆ ತಲೆನೋವು ಬರುತ್ತದೆಂದು ಅಕ್ಕ ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಮಾತನ್ನು ಮಾತ್ರ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ನಾನು ಬಹಳ ಸುಖಿಯಾಗಿದ್ದೆ.

ಪುಡಿ ಉದುರದಂತೆ ಕೊನೆಗೊಂದು ಪದರ ವಾರ್ನಿಷ್ ಹೊಡೆಯಬೇಕು. ಅದಕ್ಕೆ ಮುಂಚೆಯೇ ಭಾವನ ಉಸಿರು ಹೆಚ್ಚುಕಡಿಮೆಯಾಗಿ ಹಾಸನದ ಆಸ್ಪತ್ರೆ ಸೇರಿದರು. ಟ್ಯಾಂಕು ನಡುಮನೆಯ ಗೂಡಿನಲ್ಲಿ ಉಳಿಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ಅಕ್ಕ ನನ್ನನ್ನು ಭಾವನ ಬಳಿ ಕೂರಿಸಿ, ಊರಿಗೆ ಹೋಗಿ ಪೂಜೆ ಮುಗಿಸಿ, ಸಂಜೆಗೆ ಪ್ರಸಾದ ಹಿಡಿದು ವಾರ್ಡಿಗೆ ಬಂದಳು.

"ಮಿಕ್ಸಿ, ಸ್ಕೂಟರು, ಕುಡ್ಗೋಲು, ಎಲ್ಲಾ ತೊಳ್ದೆ ಕಣ್ರೀ. ನಿಮ್ ಟ್ಯಾಂಕು ಏನ್ ಕೊಳೆ ಆಗೋಗಿತ್ತು ಅಂತೀರಿ! ಸೋಪಿನ ಪುಡಿ ಆಕಿ, ಅಲ್ಲುಜ್ಜೋ ಬ್ರಶ್ಶಲ್ಲಿ ಸಂದಿಸಂದಿ ಉಜ್ಜಿ, ಅರಿಶ್ಣ ಕುಂಕ್ಮ ಇಟ್ಟು, ಸೇವಂತ್ಗೆ ಮುಡಿಸ್ದೆ. ನಿಂಬೆಹಣ್ಣು ಮಾತ್ರ ಚಕ್ರಕ್ಕಿಂತ ದಪ್ಪ ಆಗೋಯ್ತು."

ಅದು ಕೊಳೆಯಲ್ಲ, ಭಾವ ಬಳಿದ ಮಣ್ಣು ಎಂದು ಹೇಳಲು ಬಾಯಿ ತೆರೆದೆ. ಭಾವ ಆಕ್ಸಿಜನ್ ಮಾಸ್ಕಿನ ಮೇಲಿಂದ ನನ್ನನ್ನು ನೋಡಿ, ಬೇಡವೆಂದು ಕಣ್ಣಲ್ಲೇ ತಡೆದರು. ಆಮೇಲೆ ಮಾಸ್ಕ್ ಸರಿಸಿ, ಅಕ್ಕನ ಕೈ ಹಿಡಿದು, "ಒಳ್ಳೇದ್ ಮಾಡ್ದೆ ಕಣೆ" ಎಂದರು. ದೀಪಾವಳಿಗೆ ಭಾವ ಇರಲಿಲ್ಲ.

ಸತ್ತವರ ಫೋಟೋ ಉಳಿಯುತ್ತದೆ, ಅಂಗಿ ಉಳಿಯುತ್ತದೆ. ಭಾವನ ಕೈಯ ಕೊನೆಯ ಕೆಲಸ ಮಾತ್ರ ಬಚ್ಚಲಿನ ಮೋರಿಯಲ್ಲಿ ಹರಿದುಹೋಗಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಕ್ಕನಿಗೆ ಇದು ಗೊತ್ತಾಗಬಾರದು, ಆದರೆ ಟ್ಯಾಂಕು ಬೋಳಾಗಿಯೂ ಇರಬಾರದು ಎಂದು ತಿಥಿಯೆಲ್ಲ ಮುಗಿದ ಮೇಲೆ ಸೀಸೆಯನ್ನು ಜೇಬಿಗೆ ಹಾಕಿಕೊಂಡು ಹೋದೆ. ಅಕ್ಕ ಹಿತ್ತಲಲ್ಲಿದ್ದಾಗ ಕದ್ದು ಬ್ರಶ್ ಹಿಡಿದು ಕೂತೆ. ನನ್ನ ಕೈ ನಡುಗಲೊಲ್ಲದು! ಪರೀಕ್ಷೆಯ ಚಿತ್ರಕ್ಕೆ ಬಣ್ಣ ತುಂಬಿದಂತೆ ಮಣ್ಣು ಅಚ್ಚುಕಟ್ಟಾಗಿ ಕೂತಿತು. ಅಷ್ಟರಲ್ಲಿ ಅಕ್ಕ ಬಂದು ಹಿಂದೆ ನಿಂತಿದ್ದಳು.

"ಅವ್ರು ಬಳ್ದಿದ್ ಮಣ್ಣ ನಾನು ತೊಳ್ದಾಕ್ಬುಟ್ಟೆ, ಅಲ್ವೇನ್ಲಾ? ಆಸ್ಪತ್ರೇಲಿ ನಿಂಗೆ ಕಣ್ಸನ್ನೆ ಮಾಡುದ್ರಲ್ಲ, ಅವತ್ತೇ ಏನೋ ಅದೆ ಅನ್ಕಂಡೆ."

ನಾನು ತಲೆ ತಗ್ಗಿಸಿದೆ. "ಮತ್ತೆ ಬಳೀತೀನಿ ಅಕ್ಕ" ಎಂದೆ.

"ಬ್ಯಾಡ ಬುಡ್ಲಾ." ಅವಳು ಸೆರಗಿನ ತುದಿಯಿಂದ ನಾನು ಹಚ್ಚಿದ್ದನ್ನು ಒರೆಸತೊಡಗಿದಳು. "ರಜಕ್ಕೆ ಬಂದಾಗ್ಲೆಲ್ಲ ಮೊದ್ಲು ಅವ್ರ ಬಟ್ಟೆ ಮಣ್ಣು ತೊಳೀತಿದ್ದೆ. ನೀರು ತಿಳಿಯಾದ್ ಮ್ಯಾಲೇನೆ ಬಂದವ್ರೆ ಅಂತ ನಂಗೆ ಧೈರ್ಯ ಆಗ್ತಿದ್ದುದ್ದು. ಆಮೇಲೆ ತಿರ್ಗಾ ಓಗೋರು. ಈಗ ಇನ್ನೆಲ್ಲಿಗ್ಲಾ ಓಗ್ತಾರೆ?"

ಅವಳು ಅತ್ತಳು. ನಾನೂ ಅತ್ತೆ. ಆಮೇಲೆ ಟ್ಯಾಂಕನ್ನು ಗೂಡಿನಲ್ಲಿಟ್ಟೆ, ಬೀದಿಬಾಗಿಲಿಗೆ ಮೂತಿ ಮಾಡಿ. ಟ್ಯಾಂಕೆಂದರೆ ಶತ್ರು ಬರುವ ದಿಕ್ಕಿಗೇ ನಿಲ್ಲಬೇಕೆಂಬುದು ನನ್ನ ತಿಳಿವಳಿಕೆ. ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಳಮುಖ ಮಾಡಿ ಇಟ್ಟಳು. ಈಗ ಅದರ ನಳಿಗೆ ನೆಟ್ಟಗೆ ಅಡುಗೆಮನೆಯತ್ತ ನೋಡುತ್ತದೆ. ಸೇನೆಯವರು ಇದಕ್ಕೆ ಹಿಮ್ಮೆಟ್ಟುವುದು ಎನ್ನುತ್ತಾರೇನೋ. ನಮ್ಮ ಮನೆಗಳಲ್ಲಿ ಊಟಕ್ಕೆ ಬರುವುದು ಎನ್ನುತ್ತಾರೆ.