ಖಡಕ್ ಮುದುಕಿಯ ಬಾಡಿಗೆ ಮನೆ

ಹುಬ್ಬಳ್ಳಿಯ ದುರ್ಗದಬೈಲ್ ಹಿಂದಿನ ಓಣಿಯಲ್ಲಿ ನಮ್ಮ ಅವ್ವನ ಮನೆಯಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಕರಿಬೇವಿನ ಗಿಡ. ಅವ್ವ ಅದನ್ನು ನನ್ನ ಮತ್ತು ನಮ್ಮಣ್ಣನ ಹೆಸರಿಗೆ ಜಂಟಿಯಾಗಿ ಬರೆದಿಟ್ಟು ಹೋದಳು. ಅಣ್ಣನಿಗೆ ಮಾರುವ ಆಸೆ, ನನಗೆ ಮಾರಬಾರದೆಂಬ ಹಟ. ಕೊನೆಗೆ ಒಂದು ರಾಜಿಯಾಯಿತು. ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದು ನನ್ನ ಜವಾಬ್ದಾರಿ, ಅದು ಸುಸೂತ್ರವಾಗಿ ನಡೆಯುವ ತನಕ ಅಣ್ಣ ಮಾರುವ ಮಾತೆತ್ತುವುದಿಲ್ಲ.

"ಒಂದಽ ಒಂದು ತಕರಾರು ಬಂತಂದ್ರ ಮಾರಾಟ. ಆಮ್ಯಾಲೆ ಅತ್ತು ಕರದು ಮಾಡಬ್ಯಾಡ," ಎಂದ.

ನಾನಿರುವುದು ಧಾರವಾಡದಲ್ಲಿ, ಮನೆಯಿರುವುದು ಹುಬ್ಬಳ್ಳಿಯಲ್ಲಿ, ಅಣ್ಣ ಇರುವುದು ಎರಡೂ ಊರಿನ ನಡುವಿನ ರಾಯಾಪುರದಲ್ಲಿ. ಯಾವುದೇ ವಿಷಯದಲ್ಲಿ ನಡುವೆ ಬಂದು ಕೂರುವುದು ಅವನ ಹುಟ್ಟುಗುಣ, ತನ್ನ ಮನೆ ಕಟ್ಟಿಸುವಾಗಲೂ ಅದನ್ನು ಬಿಡಲಿಲ್ಲ.

ಬಾಡಿಗೆಗೆ ಸಿಕ್ಕವನು ಮಹಾ ಸಾಧುಪ್ರಾಣಿ. ಕೈಮುಗಿದುಕೊಂಡೇ ಮಾತಾಡುತ್ತಿದ್ದ. "ಗಂಡ ಹೆಂಡ್ತಿ ಇಬ್ರಽ ಅಕ್ಕೋರ. ನಾವು ಮನ್ಯಾಗ ಅದೇವಂತ ಗ್ವಾಡಿಗೂ ಗೊತ್ತಾಗೂದಿಲ್ಲ," ಎಂದ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಕಾಪಿ ಹೊಡೆಯುವ ಹುಡುಗನನ್ನು ಅವನಿಗೆ ಬೆನ್ನು ಮಾಡಿ ನಿಂತೇ ಹಿಡಿಯುತ್ತಿದ್ದೆ. ಈ ಮಹಾರಾಯ ಮಾತ್ರ ನನ್ನ ಕಣ್ಣಿಗೆ ಮಣ್ಣೆರಚಿದ. ಬಾಡಿಗೆ ತಿಂಗಳು ತಿಂಗಳು ಫೋನಿಗೆ ಬಂದು ಬೀಳುತ್ತಿತ್ತು, ನಾನು ಆ ಓಣಿಗೆ ಕಾಲಿಡುವುದನ್ನೇ ಬಿಟ್ಟೆ.

ಒಂದು ಸಲ ದುರ್ಗದಬೈಲಿಗೆ ಸಂತೆಗೆ ಹೋಗಿದ್ದೆ. ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಜೋಳದ ರೊಟ್ಟಿ ಇಟ್ಟುಕೊಂಡು ಕೂತಿದ್ದಳು. ಎಳ್ಳು ಹಚ್ಚಿದ ಕಟಕ್ ರೊಟ್ಟಿ, ಜತೆಗೆ ಶೇಂಗಾ ಚಟ್ನಿ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ, ಅವ್ವನ ಕೈರುಚಿ ನೆನಪಾಯಿತು. ಹೆಚ್ಚಿಗೆ ಬೇಕಾದರೆ ಎಲ್ಲಿಗೆ ಬರಬೇಕು ಎಂದು ಕೇಳಿದೆ.

"ಇಲ್ಲೇ ಹಿಂದಿನ ಓಣ್ಯಾಗ್ರಿ ಅಕ್ಕಾರ. ಹಿಟ್ಟಿನ ಗಿರಣಿ ದಾಟಿದ್ರ ಹಸರ ಬಾಗಲಾ, ಎಡಗಡೆ ಕಟ್ಟಿ ಒಡದೈತಿ. ಹಿತ್ತಲದಾಗ ಕರಿಬೇವಿನ ಗಿಡಾ ಐತ್ರಿ."

ಆ ಕಟ್ಟೆ ಒಡೆದದ್ದು ನಮ್ಮಣ್ಣ, ಸೈಕಲ್ ಕಲಿಯುವಾಗ. ನಾನು ಬಾಯಲ್ಲಿದ್ದ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದೆ.

ಅವಳು ದನಿ ಸಣ್ಣ ಮಾಡಿ ಮುಂದುವರಿಸಿದಳು. "ಆದ್ರ ಒಂದ್ ಮಾತ್ರಿ. ಯಾರರ ಕೇಳಿದ್ರ ರೊಟ್ಟಿ ಒಯ್ಯಾಕ ಬಂದೇನಿ ಅನ್ನಬ್ಯಾಡ್ರಿ, ಬೀಗರು ಅನ್ರಿ. ಆ ಮನಿ ಮಾಲಕಿ ಒಬ್ಬಾಕಿ ಮುದುಕಿ ಧಾರವಾಡದಾಗ ಅದಾಳಂತ. ಭಾಳ ಖಡಕ್ ಅಂತ. ಗೊತ್ತಾದ್ರ ಹೊರಗ ಹಾಕ್ತಾಳಂತ್ರಿ."

"ಆಕೀನ್ನ ನೋಡೀಯೇನು?"

"ಇಲ್ಲ ತಗೀರಿ. ನಮಗ ಮನಿ ಕೊಟ್ಟಾರಲ್ಲ, ಅವರು ಹೇಳ್ಯಾರ. ಆಕಿ ಮಾರಿ ನೋಡಿದ್ರ ಕಾಸಿದ ಹಾಲು ಒಡೀತಾವಂತ."

ಹಾಲು ಒಡೆಯುವ ಮುಖ ಹೊತ್ತುಕೊಂಡು ಅಲ್ಲೇ ನಿಂತಿದ್ದೆ. ನಾನು ಯಾರೆಂದು ಅಲ್ಲೇ ಹೇಳಿಬಿಡಬೇಕಿತ್ತು, ಸಿಟ್ಟಿಗೆ ನಾಲಿಗೆಯೇ ಹೊರಳಲಿಲ್ಲ. ಕೊಂಡ ರೊಟ್ಟಿಗಳನ್ನಾದರೂ ಬುಟ್ಟಿಗೆ ಒಗೆದು ಬರಬೇಕಿತ್ತು, ಅದೂ ಆಗಲಿಲ್ಲ. ಅಷ್ಟು ಛಲೋ ಇದ್ದವು.

ಬಸ್ಸಿನಲ್ಲಿ ಕೂತವಳೇ ಸಾಧುಪ್ರಾಣಿಗೆ ಫೋನ್ ಹಚ್ಚಿದೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ.

"ನಮ್ಮ ಅತ್ತಿಯಾರ್ರಿ ಅಕ್ಕೋರ. ದವಾಖಾನಿಗೆ ತೋರಸಾಕ ಬಂದಾರ."

"ನಿಮ್ಮ ಅತ್ತಿ ದವಾಖಾನಿಗೆ ಹಂಚು, ಹಿಟ್ಟಿನ ಚೀಲ ತಗೊಂಡು ಬಂದಾಳೇನು?"

"ಅತ್ತಿ ಅಲ್ರಿ, ಕಾಕು. ಕಾಕು ಮತ್ತ ಆಕಿ ಸೊಸಿ."

"ನೀ ಈಗ ಎಲ್ಲಿದ್ದೀ?"

"ಮನ್ಯಾಗ ಅದೇನ್ರಿ."

"ಯಾವ ಮನ್ಯಾಗ?"

"ಹಲೋ, ಹಲೋ," ಎಂದು ಒದರಿದ. ಆಮೇಲೆ, "ನೆಟ್‌ವರ್ಕ್ ಬರವಲ್ದು ಅಕ್ಕೋರ," ಎಂಬ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅವನು ಬೇರೆ ಕಡೆ ಮನೆ ಮಾಡಿ, ನಮ್ಮದನ್ನು ಈ ರೊಟ್ಟಿಯವರಿಗೆ ಕೊಟ್ಟು, ನನಗೆ ಕೊಡುವುದಕ್ಕಿಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳುತ್ತಿದ್ದ ಎಂಬುದು ಆಮೇಲೆ ತಿಳಿಯಿತು. ಅವನಿದ್ದಾನೆಂದು ಗೋಡೆಗೆ ಗೊತ್ತಾಗದಿದ್ದರೆ ಆಶ್ಚರ್ಯವೇನು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ಅದೇ ಬಸ್ಸಿನಲ್ಲಿ ಇನ್ನೊಂದು ಫೋನ್ ಮಾಡಿದೆ, ಅದೂ ಯಾರಿಗೆ, ಅಣ್ಣನಿಗೆ. ಅವನಿಗೆ ಹಸಿದವನ ಮುಂದೆ ತಾಟು ಇಟ್ಟಂತಾಯಿತು.

"ಹೇಳಿದ್ನೋ ಇಲ್ಲೋ? ರವಿವಾರ ಗಿರಾಕಿನ್ನ ಕರಕೊಂಡು ಅಲ್ಲಿಗೇ ಬರ್ತೀನಿ. ಅಷ್ಟರಾಗ ಅವರಿಂದ ಮನಿ ಬಿಡ್ತೀವಿ ಅನ್ನಸಿದ್ರ ನೀ ಗೆದ್ದಿ. ಇಲ್ಲಂದ್ರ ಮಾರಾಟಕ್ಕ ಸಹಿ ಹಾಕು."

ಹಾಗಾಗಿ ಅವ್ವನ ಮನೆ ಉಳಿಯಬೇಕಾದರೆ ಆ ಹೆಣ್ಣುಮಗಳು ಬೀದಿಗೆ ಬರಬೇಕಿತ್ತು. ಬರಲಿ, ನನಗೇನು ಎಂದುಕೊಂಡೆ. ಹಾಲು ಒಡೆದ ಮಾತು ಇನ್ನೂ ಎದೆಯಲ್ಲಿ ಕುದಿಯುತ್ತಿತ್ತು. ರವಿವಾರ ಬಸ್ಸಿನಲ್ಲಿ ನನ್ನ ಭಾಷಣವನ್ನು ತುಟಿ ಅಲ್ಲಾಡಿಸುತ್ತ ಎಷ್ಟು ಜೋರಾಗಿ ತಾಲೀಮು ಮಾಡಿದೆನೆಂದರೆ ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಹಸಿರು ಬಾಗಿಲು ತೆರೆದೇ ಇತ್ತು. ಒಳಗಿಂದ ರೊಟ್ಟಿ ಬಡಿಯುವ ಸದ್ದು. ಬುಟ್ಟಿಯವಳು ನನ್ನನ್ನು ಕಂಡು ಮುಖ ಅರಳಿಸಿದಳು. "ಬರ್ರಿ ಅಕ್ಕಾರ, ಬರ್ರಿ. ಅತ್ತೀ, ನಾ ಹೇಳಿದ್ನಲ್ಲ, ಸಂತ್ಯಾಗ ಸಿಕ್ಕ ಅಕ್ಕಾರು, ರೊಟ್ಟಿಗೆ ಬಂದಾರ."

"ರೊಟ್ಟಿಗೆ ಬಂದಿಲ್ಲ," ಎಂದೆ. "ಆ ಮುದುಕಿ ನಾನಽ."

ಅವಳ ಕೈ ಬಾಯಿಗೆ ಹೋಯಿತು. ಒಲೆಯ ಮುಂದಿದ್ದ ಅತ್ತೆ ಮಾತ್ರ ಹಂಚಿನ ಮೇಲಿನ ರೊಟ್ಟಿ ತಿರುವಿ, ಬೇಯುವ ತನಕ ಕಾದು, ತೆಗೆದಿಟ್ಟು, ಆಮೇಲೆ ನನ್ನ ಕಡೆ ನೋಡಿದಳು. ಎಪ್ಪತ್ತು ದಾಟಿದ ಮುದುಕಿ. ಖರೇ ಮುದುಕಿ ಎಂದರೆ ಇವಳು, ನಾನಲ್ಲ.

"ನೀ ಈ ಮನ್ಯಾಗ ಹುಟ್ಟಿದಾಕೇನ ಯವ್ವಾ?" ಎಂದು ಕೇಳಿದಳು.

"ಹೌದು. ಆ ನಡುವಿನ ಕ್ವಾಣ್ಯಾಗ."

"ನಿಮ್ಮವ್ವ ಇದಽ ಒಲಿ ಮುಂದ ಕುಂಡ್ರತಿದ್ಲೇನು?"

"ಹೂಂ. ಅಲ್ಲೇ, ನೀವು ಕೂತಲ್ಲೇ."

ಹೊರಗೆ ಹಾಕಲು ಬಂದವಳು ಶಾಲೆಯ ಹುಡುಗಿಯಂತೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ನಿಂತಿದ್ದೆ. ಭಾಷಣದ ಮೊದಲ ಸಾಲೇ ನೆನಪಿಗೆ ಬರಲಿಲ್ಲ. ಮುದುಕಿ ಎದ್ದು ಸೀರೆಗೆ ಕೈ ಒರೆಸಿಕೊಂಡಳು.

"ತವರಮನಿಗೆ ಬಂದ ಹೆಣ್ಣಮಗಳು ಬರೇ ಉಡೀಲೆ ಹೋಗಬಾರದು. ಸೊಸೀ, ಅಕ್ಕಿ ತಾ. ಪೆಟಗ್ಯಾಗ ಹೊಸಾ ಖಣ ಐತಿ, ಅದನ್ನೂ ತಾ. ನಮ್ಮನ್ನ ಹೊರಗ ಹಾಕೂದು ಇದ್ದಽ ಐತಿ ಯವ್ವಾ, ಮೊದಲ ಉಡಿ ತುಂಬಿಸಿಕೋ."

ಮಣೆ ಬಂತು, ಮೊರದಲ್ಲಿ ಅಕ್ಕಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಅಡಕೆ ಬಂದವು. ನಾನು ಕೈ ಅಡ್ಡ ಹಿಡಿದೆ.

"ನನಗ ತುಂಬಬಾರದವ್ವಾ. ನಮ್ಮ ಮನಿಯವರು ಹೋಗಿ ನಾಕು ವರ್ಷ ಆತು."

ನಮ್ಮವರಲ್ಲಿ ತವರಿಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಖಣ ಹಾಕಿ ಉಡಿ ತುಂಬಿ ಕಳಿಸುತ್ತಾರೆ, ಗಂಡ ಹೋದವಳಿಗೆ ಮಾತ್ರ ತುಂಬುವುದಿಲ್ಲ. ನಾಗರ ಪಂಚಮಿಗೆ ಅಣ್ಣನ ಮನೆಗೆ ಹೋದರೆ ಅವನ ಹೆಂಡತಿ, ನಮ್ಮ ವೈನಿ, ಉಂಡಿಯ ಡಬ್ಬಿ ಕೊಟ್ಟು ಬೇರೆ ಕಡೆ ನೋಡುತ್ತ ಕಳಿಸುತ್ತಾಳೆ. ಕೇಳಿ ತೆಗೆದುಕೊಳ್ಳುವ ವಸ್ತುವೇ ಅದು? ನಾನು ಕೇಳಲೂ ಇಲ್ಲ, ಯಾರ ಮುಂದೆ ಹೇಳಲೂ ಇಲ್ಲ. ಪ್ರತಿ ಪಂಚಮಿಗೂ ಡಬ್ಬಿ ಹಿಡಿದು ಬಸ್ಸು ಹತ್ತುವಾಗ ಸಂಕಟವಾಗುತ್ತಿತ್ತು, ಅಷ್ಟೆ.

"ಗಂಡ ಹ್ವಾದ್ರ ಹ್ವಾದ," ಎಂದಳು ಮುದುಕಿ. "ತವರಮನಿ ಎಲ್ಲಿ ಹೋತು? ಉಡಿ ತವರಮನೀದು, ಗಂಡಂದಲ್ಲ. ಕುಂಡರ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಣ್ಣ ಬಂದು ನಿಂತಿದ್ದ, ಅವನ ಹಿಂದೆ ಸಫಾರಿ ಹಾಕಿದ ಗಿರಾಕಿ. ಎಷ್ಟು ಹೊತ್ತಾಗಿತ್ತೋ ಬಂದು. ಅಣ್ಣ ಒಲೆಯ ಕಡೆ ನೋಡಿದ, ಮೊರದ ಕಡೆ ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ.

"ಕುಂಡರು," ಎಂದ ಅವನೂ.

ನಾನು ಮಣೆಯ ಮೇಲೆ ಕೂತು ಎರಡೂ ಕೈಯಲ್ಲಿ ಸೆರಗು ಹಿಡಿದೆ. ಸೊಸೆ ಅಕ್ಕಿ ಹಾಕತೊಡಗಿದಳು. ಇದ್ಯಾವುದೂ ಅರ್ಥವಾಗದ ಗಿರಾಕಿ, "ಇವರು ಯಾವಾಗ ಖಾಲಿ ಮಾಡ್ತಾರ್ರಿ?" ಎಂದು ಕೇಳಿದ.

"ಮಾಡೂದಿಲ್ರಿ," ಎಂದ ಅಣ್ಣ. "ನಮ್ಮ ತಂಗಿ ತವರಮನಿಗೆ ಬಂದಾಳ. ಈ ಮನಿ ಮಾರೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಯಾವತ್ತಿನ ಗಡಸು ದನಿಯಲ್ಲೇ, "ಬಾಡಿಗಿ ಕರಾರು ಇವರ ಹೆಸರಿಲೇ ಮಾಡಿಬಿಡು," ಎಂದ. ಸ್ವಲ್ಪ ತಡೆದು, "ನಾವು ತುಂಬಬೇಕಾಗಿತ್ತು," ಎಂದು ಸೇರಿಸಿದ.

ನನಗೆ ಅಳು ಬಂದುಬಿಟ್ಟಿತ್ತು. ಸೆರಗಿನ ತುಂಬ ಅಕ್ಕಿ, ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.