ಗುಡ್ಡದ ನೆತ್ತಿಯ ಕೂ

ನೆಕ್ರಾಜೆಯಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೋ ನೀರು ಹರಿಯುವ ತೋಡೋ ಇದ್ದೇ ಇರುತ್ತದೆ. ಗುಡ್ಡಕ್ಕೆ ಹೋದವರನ್ನು ಊಟಕ್ಕೆ ಕರೆಯಬೇಕಾದರೆ ಅಂಗಳದ ತುದಿಯಲ್ಲಿ ನಿಂತು 'ಕೂ' ಎಂದು ಉದ್ದಕ್ಕೆ ಕೂಗುವುದು ರೂಢಿ. ಆಚೆಯಿಂದಲೂ 'ಕೂ' ಬಂದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಬಾರದಿದ್ದರೆ ಕೈಕೆಲಸ ಬಿಟ್ಟು ಹೋಗಿ ನೋಡಬೇಕು. ನಾನು ಇದನ್ನು ಕಾಡುಮನುಷ್ಯರ ಗದ್ದಲ ಎಂದು ಹೀಯಾಳಿಸುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮಾಷ್ಟ್ರು ನಾನು. ಆಗ ನನಗೆ ಇಪ್ಪತ್ತನಾಲ್ಕು ವರ್ಷ, ಜಂಬ ಮಾತ್ರ ಅದಕ್ಕಿಂತ ದೊಡ್ಡದಿತ್ತು.

ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡಿತು. ಮಂಗಳೂರಿನ ಡಾಕ್ಟರು ಎದೆಯ ಚಿತ್ರ ತೆಗೆಸಿ, ಕ್ಷಯ ಎಂದರು. ಅದೇ ಉಸಿರಿಗೆ, ಹೊಸ ಇಂಜೆಕ್ಷನ್ ಒಂದು ಬಂದಿದೆ, ಹೆದರಬೇಡಿ ಎಂದೂ ಹೇಳಿದರು. ಅದರ ವಿಷಯ ನಾನು ಮಾಸಪತ್ರಿಕೆಯಲ್ಲಿ ಓದಿದ್ದೆ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ತೆಗೆದ ಮದ್ದು ಕ್ಷಯದ ಕ್ರಿಮಿಯನ್ನು ಕೊಲ್ಲುತ್ತದಂತೆ. ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಪಾಠದ ಹಾಗೆ ವಿವರಿಸಿದೆ. ಅವಳು ಕಣ್ಣೊರೆಸಿಕೊಂಡು, "ಕಾಲಡಿಯಲ್ಲೇ ಇದ್ದ ಮದ್ದು ಸಿಕ್ಕಲಿಕ್ಕೆ ಇಷ್ಟು ಕಾಲ ಬೇಕಾಯಿತಾ? ನಿನ್ನ ಅಪ್ಪನಿಗೆ ಸಿಕ್ಕಲಿಲ್ಲ ನೋಡು" ಎಂದಳು. ಅಪ್ಪ ಹೋದದ್ದೂ ಇದೇ ಕೆಮ್ಮಿನಲ್ಲಿ. ಮನೆಯಲ್ಲಿ ಉಳಿದವರು ನಾವಿಬ್ಬರೇ.

ಅಮ್ಮನಿಗೆ ತಗಲಬಾರದು ಎಂದು ಬೇರೆ ಇರುವ ನಿರ್ಧಾರ ಮಾಡಿದವನು ನಾನೇ. ಗುಡ್ಡದ ಆಚೆ ಗೇರುಮರಗಳ ನಡುವೆ ನಮ್ಮದೊಂದು ಮುಳಿಹುಲ್ಲಿನ ಗುಡಿಸಲು ಇತ್ತು. ಅದರ ಬಾಗಿಲಿನಿಂದ ಐವತ್ತು ಹೆಜ್ಜೆ ಅಳೆದು ಒಂದು ಕೆಂಪು ಮುರಕಲ್ಲು ಇಟ್ಟೆ. ಅಮ್ಮ ಗಂಜಿ, ಬೇಯಿಸಿದ ಮೊಟ್ಟೆ ತಂದು ಕಲ್ಲಿನ ಮೇಲಿಡಬೇಕು. ಗುಡ್ಡದ ನೆತ್ತಿಗೆ ಹಿಂದೆ ಹೋಗಿ 'ಕೂ' ಹಾಕಬೇಕು. ಆಮೇಲೆ ನಾನು ಬಂದು ತೆಗೆದುಕೊಳ್ಳುವುದು. "ಕಲ್ಲು ದಾಟಿದರೆ ನಾನು ಊಟ ಮುಟ್ಟುವುದಿಲ್ಲ" ಎಂದು ಗದರಿಸಿದ್ದೆ. ಹೀಯಾಳಿಸಿದ ಕೂಗೇ ಕೊನೆಗೆ ನನಗೆ ಗತಿಯಾಯಿತು.

ದಿನಾ ಬೆಳಿಗ್ಗೆ ಒಬ್ಬ ಕಂಪೌಂಡರ್ ಸೈಕಲ್ಲು ತಳ್ಳಿಕೊಂಡು ಗುಡ್ಡ ಹತ್ತಿ ಬಂದು ಇಂಜೆಕ್ಷನ್ ಚುಚ್ಚಿ ಹೋಗುತ್ತಿದ್ದ. ತಿಂಗಳಾಗುವಾಗ ಜ್ವರ ಬಿಟ್ಟಿತು, ಹಸಿವೆ ಹುಟ್ಟಿತು. ಆದರೆ ಹೊತ್ತು ಹೋಗುತ್ತಿರಲಿಲ್ಲ. ಶಾಲೆಯವರು ಯಾರೂ ಅತ್ತ ತಲೆ ಹಾಕಲಿಲ್ಲ. ಸೂಕ್ಷ್ಮಜೀವಿಗಳ ಪಾಠ ಮಾಡಿದವನೇ ನಾನು, ಯಾರನ್ನು ದೂರುವುದು? ಇಡೀ ದಿನದಲ್ಲಿ ನನ್ನದು ಎನ್ನಬಹುದಾದ ಮನುಷ್ಯಸ್ವರ ಎಂದರೆ ಅಮ್ಮನ ಆ ಎರಡು ಕೂಗು, ಮಧ್ಯಾಹ್ನ ಒಂದು, ಸಂಜೆ ಒಂದು. ಅದಕ್ಕಾಗಿ ಕಾದು ಕೂತಿರುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯಿಲ್ಲ.

ಮಕರ ತಿಂಗಳಲ್ಲಿ ಜೀರುಂಡೆಗಳ ಕಾಟ ಶುರುವಾಯಿತು. ಹಗಲೂ ಇರುಳೂ ಒಂದೇ ಸಮ. ಕಂಪೌಂಡರಿಗೆ ಹೇಳಿದೆ.

"ಈ ಚಳಿಯಲ್ಲಿ ಎಂತ ಜೀರುಂಡೆ ಮಾಷ್ಟ್ರೆ? ನನಗೆ ಒಂದೂ ಕೇಳುವುದಿಲ್ಲ ಮಾರಾಯ್ರೆ" ಎಂದು ನಕ್ಕ.

ನನಗೆ ಸಿಟ್ಟು ಬಂತು. ಅವನದು ಗುಡುಗಿನಂಥ ಸ್ವರ, ಮಾತಾಡುವುದೂ ಹತ್ತಿರ ಕೂತು. ಹಾಗಾಗಿ ಅವನ ಮಾತು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಕೇಳದೆ ಹೋಗುತ್ತಿದ್ದದ್ದು ಅಮ್ಮನ ತೆಳು ಸ್ವರ. ಅವಳ ಕೂ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಗೇರುಮರಗಳ ಮರೆಯಿಂದ ನೆತ್ತಿ ಕಾಣುತ್ತಿರಲಿಲ್ಲ. ಅವಳು ದಿನಕ್ಕೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಾಳೆ, ಅವಳಿಗೂ ನನ್ನ ಭಯ ಹತ್ತಿತು ಎಂದುಕೊಂಡೆ. ಕಲ್ಲು ಇಟ್ಟವನು ನಾನು, ಆದರೂ ನೋವಾಯಿತು. ಓಗೊಡುವಾಗ ಬೇಕೆಂದೇ ಮೊಟಕಾಗಿ, ಒರಟಾಗಿ ಕೂಗಿದೆ.

ಒಂದು ಮಧ್ಯಾಹ್ನ ಕೂ ಬರಲೇ ಇಲ್ಲ. ಬಿಸಿಲು ಹೊಸ್ತಿಲು ದಾಟಿತು. ಊಟ ಬಂದಿರಬಹುದು ಎಂದು ಗೊತ್ತಿತ್ತು. ಕರೆಯದೆ ನಾನೇಕೆ ಹೋಗಲಿ ಎಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅಮ್ಮನಿಗೂ ಸಾಕಾಯಿತು, ಇನ್ನು ಈ ಮದ್ದು ಯಾರಿಗಾಗಿ ಎಂದೂ ಅನಿಸಿತು.

ಗೋಡೆಯ ಮೇಲೆ ನೆರಳು ಬಿತ್ತು. ತಿರುಗಿ ನೋಡಿದರೆ ಅಮ್ಮ! ತಲೆಕೂದಲು ಬಿಚ್ಚಿಹೋಗಿದೆ, ಮೊಣಕಾಲಿನಿಂದ ರಕ್ತ ಸುರಿಯುತ್ತಿದೆ, ಎಲ್ಲೋ ಬಿದ್ದಿದ್ದಾಳೆ. ಅವಳ ಬಾಯಿ ದೊಡ್ಡದಾಗಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು. ಶಬ್ದ ಮಾತ್ರ ಇಲ್ಲ, ಬರೀ ಜೀರುಂಡೆ. ನಾನು ಎದ್ದು ಕೂತದ್ದನ್ನು ಕಂಡು ಅವಳು ಅಲ್ಲೇ ಕುಸಿದಳು. ಆಮೇಲೆ ತೆವಳಿ ಬಂದು ನನ್ನ ಕೆನ್ನೆಗೆ ಒಂದು ಬಿಟ್ಟಳು, ಮತ್ತೆ ಅದೇ ಕೆನ್ನೆಗೆ ಮುಖ ಒತ್ತಿ ಅತ್ತಳು. "ಕಲ್ಲು ದಾಟಿದ್ದೀ, ಹೋಗು" ಎಂದು ಕಿರುಚಿದೆ. ನನ್ನ ಮಾತು ನನಗೇ ನೀರಿನೊಳಗಿನಿಂದ ಬಂದ ಹಾಗಿತ್ತು. ಆಗ ಗೊತ್ತಾಯಿತು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ. ಅಂದು ಕೂಗಿ ಕೂಗಿ ಓಗೊಡುವವರಿಲ್ಲದೆ, ಮಗ ಸತ್ತನೆಂದೇ ಓಡಿ ಬಂದಿದ್ದಳು.

ಕೆಲವರಿಗೆ ಈ ಮದ್ದಿನಿಂದ ಕಿವಿ ಹೋಗುವುದುಂಟು ಎಂದು ಡಾಕ್ಟರು ಕಂಪೌಂಡರ್ ಬಳಿ ಹೇಳಿ ಕಳಿಸಿದರು. ನಿಲ್ಲಿಸಿದರೆ ಉಳಿದಷ್ಟು ಕಿವಿ ಉಳಿದೀತು, ರೋಗ ಮರಳಿದರೆ ಹೇಳುವಂತಿಲ್ಲ. ಇನ್ನು ಹತ್ತು ಸೀಸೆ ಬಾಕಿಯಿತ್ತು. ಕಂಪೌಂಡರ್ ಇದನ್ನು ನನಗೆ ಸ್ಲೇಟಿನಲ್ಲಿ ಬರೆದು ತೋರಿಸಿದ, ಓದು ಬಾರದ ಅಮ್ಮನಿಗೆ ಬಾಯಲ್ಲಿ ಹೇಳಿದ. ನಾನು ಯೋಚಿಸುತ್ತಿದ್ದೆ. ಅಮ್ಮ ಯೋಚಿಸಲಿಲ್ಲ, ನನ್ನ ತೋಳು ಎಳೆದು ಅವನ ಮುಂದೆ ಹಿಡಿದಳು.

ಮಳೆಗಾಲಕ್ಕೆ ಮೊದಲು ರೋಗ ಬಿಟ್ಟಿತು. ಕಿವಿ ಪೂರ್ತಿ ಹೋಯಿತು, ಅದರ ಹಿಂದೆ ಪಾಠ ಹೇಳುವ ಕೆಲಸವೂ ಹೋಯಿತು. ಮನೆಗೆ ಮರಳಿದೆ, ಆದರೆ ಗುಡಿಸಲಿನಲ್ಲಿ ಇದ್ದದ್ದಕ್ಕಿಂತ ದೂರ ಆದೆ. ಒಂದೇ ಹೊಸ್ತಿಲೊಳಗೆ ಅಮ್ಮ ಬಾಯಿ ಆಡಿಸುತ್ತಾಳೆ, ನನಗೆ ತಿಳಿಯುವುದಿಲ್ಲ. ನಾನು ಸ್ಲೇಟು ಚಾಚುತ್ತೇನೆ, ಅವಳಿಗೆ ಬರೆಯಲು ಬಾರದು. ಜೀವ ಉಳಿಸಿದ ಮದ್ದಿಗೆ ಕೃತಜ್ಞನಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಜಗಲಿಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ.

ಆ ಮಳೆಗಾಲದ ಕೊನೆಗೆ ಒಂದು ಮಧ್ಯಾಹ್ನ ಹಾಗೇ ಕೂತಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು ಸ್ಲೇಟನ್ನು ನನ್ನ ಮೊಣಕಾಲ ಮೇಲಿಟ್ಟು, ಹಿಂದೆ ಸರಿದು ಕಂಬದ ಹತ್ತಿರ ನಿಂತಳು. ಯಾರಿಂದ ಕಲಿತಳೋ, ಎಷ್ಟು ದಿನ ತಿದ್ದಿದಳೋ, ಕೇಳಿದರೆ ಕೊನೆಗೂ ಹೇಳಲಿಲ್ಲ. ಸ್ಲೇಟು ತುಂಬ ಒಂದೇ ಅಕ್ಷರ, ಸೊಟ್ಟಗೆ, ಬಳಪ ಮುರಿಯುವಷ್ಟು ಒತ್ತಿ ಬರೆದದ್ದು:

ಕೂ

ನಾನು ಎದ್ದು ನಿಂತು ಓಗೊಟ್ಟೆ. ಎಷ್ಟು ಜೋರಾಗಿ ಕೂಗಿದೆನೋ ಗೊತ್ತಿಲ್ಲ. ಅಂಗಳದ ಕಾಗೆಗಳೆಲ್ಲ ಎದ್ದು ಹಾರಿದವು.